ತಾಯಿ ಮಾಡಿದ ತಪ್ಪಲ್ಲ ಅದು: ಜೀನ್, ಕ್ರೋಮೋಸೋಮ್, ಮ್ಯುಟೇಷನ್ ಬಗ್ಗೆ ಒಂದಿಷ್ಟು ಮಾತು

(ಮಂಡ್ಯದಲ್ಲಿ ಪೋಷಕರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ.)

ಒಂದು ಮನೆಯ ವಿಷಯದಿಂದಲೇ ಶುರು ಮಾಡುತ್ತೇನೆ. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡುವವಳು. ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಇದ್ದ. ನಾಲ್ಕು ವರ್ಷದವರೆಗೂ ಎಲ್ಲರಂತೆ ಆಡಿಕೊಂಡಿದ್ದ. ಆಮೇಲೆ ಮೆಟ್ಟಿಲು ಹತ್ತುವಾಗ ತಡವರಿಸತೊಡಗಿದ. ನೆಲದಿಂದ ಏಳಬೇಕಾದರೆ ಮೊದಲು ಮಂಡಿಯ ಮೇಲೆ ಕೈಯೂರಿ, ಆಮೇಲೆ ತೊಡೆಯ ಮೇಲೆ ಕೈಯೂರಿ, ತನ್ನ ಮೈಯನ್ನೇ ಹಿಡಿದು ಹತ್ತಿಕೊಂಡ ಹಾಗೆ ಏಳುತ್ತಿದ್ದ. ಮೀನಖಂಡ ಮಾತ್ರ ದಪ್ಪಗಿತ್ತು. ಅದನ್ನು ನೋಡಿ ಅವನ ತಾತ ‘ಹೈದ ಪೈಲ್ವಾನ ಆಯ್ತಾನೆ ನೋಡು’ ಅಂತ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದರು. ಎಂಟನೇ ವಯಸ್ಸಿಗೆ ಗೊತ್ತಾಯಿತು, ಅದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ. ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತಾ ಹೋಗುವ ಕಾಯಿಲೆ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಎಲ್ಲರೂ ಬೆರಳು ತೋರಿಸಿದ್ದು ಹುಡುಗನ ತಾಯಿಗೆ. ಗ್ರಹಣದ ದಿನ ಹೊರಗೆ ಬಂದಿದ್ದಳಂತೆ, ಹರಕೆ ತೀರಿಸಲಿಲ್ಲವಂತೆ, ಅವಳ ತವರಿನ ರಕ್ತವೇ ಸರಿಯಿಲ್ಲವಂತೆ. ಒಂದು ಸಂಜೆ ಆಕೆ ನಮ್ಮ ಮನೆಗೆ ಬಂದು ಕೂತು, ‘ನಾನೇನ್ ಪಾಪ ಮಾಡಿದ್ದೆ ಮಿಸ್?’ ಅಂದರು. ಇಪ್ಪತ್ತು ವರ್ಷದಿಂದ ಬೋರ್ಡಿನ ಮೇಲೆ ಬರೆದು ಅಳಿಸುತ್ತಿದ್ದ ಪಾಠವನ್ನು ಆವತ್ತು ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕಿತ್ತು. ಇವತ್ತು ನಿಮಗೆ ಹೇಳುವುದೂ ಅದನ್ನೇ.

ನಮ್ಮ ದೇಹದ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಅನ್ನುವ ಉದ್ದದ ನೂಲು ಇದೆ. ಅದರಲ್ಲಿರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ತಾಯಿಯಿಂದ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಸುಮಾರು 300 ಕೋಟಿ. ಈ ನೂಲನ್ನು 46 ಕಡ್ಡಿಗಳಿಗೆ ಸುತ್ತಿಟ್ಟ ಹಾಗೆ ಇರುತ್ತದೆ. ಆ ಕಡ್ಡಿಗಳೇ ಕ್ರೋಮೋಸೋಮ್, ಪಠ್ಯಪುಸ್ತಕದ ವರ್ಣತಂತು. ನೂಲಿನ ಮೇಲೆ ಅಲ್ಲಲ್ಲಿ, ಇಂಥ ಪ್ರೋಟೀನ್ ಹೀಗೆ ತಯಾರಿಸು ಅಂತ ಬರೆದಿರುವ ಭಾಗ ಜೀನ್. ಜೀವಕೋಶ ಎರಡಾಗುವ ಮೊದಲು ಈ 600 ಕೋಟಿ ಅಕ್ಷರವನ್ನೂ ನಕಲು ಮಾಡಬೇಕು. ನಕಲು ಮಾಡುವ ಕಿಣ್ವ ಮಾಡುತ್ತಲೇ ತಿದ್ದಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದು ತಂಡ ಬಂದು ಉಳಿದ ತಪ್ಪು ಹುಡುಕಿ ಸರಿಮಾಡುತ್ತದೆ. ಈ ದುರಸ್ತಿ ಕೆಲಸ ಹೇಗೆ ನಡೆಯುತ್ತದೆ ಅಂತ ಕಂಡುಹಿಡಿದ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಷ್ಟೆಲ್ಲ ಆದ ಮೇಲೂ ಒಂದೊಂದು ಅಕ್ಷರ ತಪ್ಪಿ ಹಾಗೇ ಉಳಿದುಬಿಡುತ್ತದೆ. ಹಾಗೆ ಉಳಿದ ಬದಲಾವಣೆಯೇ ಮ್ಯುಟೇಷನ್. ಪುಸ್ತಕದಲ್ಲಿ ಉತ್ಪರಿವರ್ತನೆ ಅಂತ ಬರೆಯುತ್ತೇವೆ.

ಇಲ್ಲಿ ಕೂತಿರುವ ಒಬ್ಬೊಬ್ಬರಲ್ಲೂ, ನಿಮ್ಮ ತಾಯಿಯಲ್ಲೂ ಇಲ್ಲದ ತಂದೆಯಲ್ಲೂ ಇಲ್ಲದ, ನಿಮ್ಮಲ್ಲೇ ಹೊಸದಾಗಿ ಬಂದ ಸುಮಾರು 60–70 ಅಕ್ಷರ ಬದಲಾವಣೆಗಳಿವೆ. ನನ್ನಲ್ಲೂ ಇವೆ. ಇವುಗಳಲ್ಲಿ ಜಾಸ್ತಿ ಪಾಲು ಬರುವುದು ತಂದೆಯ ಕಡೆಯಿಂದ, ಯಾಕಂದರೆ ವೀರ್ಯಾಣು ಜೀವನಪೂರ್ತಿ ತಯಾರಾಗುತ್ತಲೇ ಇರುತ್ತದೆ, ಪ್ರತಿ ಸಲ ನಕಲಾಗುತ್ತಲೇ ಇರುತ್ತದೆ, ತಂದೆಗೆ ವಯಸ್ಸಾದಷ್ಟೂ ಸಂಖ್ಯೆ ಏರುತ್ತದೆ. ಇದನ್ನು ತಂದೆಯಂದಿರ ಮೇಲೆ ಹೊರೆ ಹೊರಿಸಲು ಹೇಳುತ್ತಿಲ್ಲ. ಹೆಂಗಸರನ್ನು ಮಾತ್ರ ಕೇಳುವ ಪ್ರಶ್ನೆಗೆ ವಿಜ್ಞಾನದಲ್ಲಿ ಆಧಾರ ಇಲ್ಲ ಅಂತ ತೋರಿಸಲು ಹೇಳುತ್ತಿದ್ದೇನೆ. ಈ 60–70ರಲ್ಲಿ ಬಹುಪಾಲು ಯಾವ ತೊಂದರೆಯನ್ನೂ ಮಾಡುವುದಿಲ್ಲ. ಎಲ್ಲಿ ಬಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಈಗ ನನ್ನ ಜೊತೆ ಒಂದು ವಾಕ್ಯ ಬರೆದುಕೊಳ್ಳಿ. ಜೀನ್ ಓದುವಾಗ ಜೀವಕೋಶ ಮೂರು ಮೂರು ಅಕ್ಷರ ಸೇರಿಸಿ ಓದುತ್ತದೆ, ಮೂರಕ್ಷರಕ್ಕೊಂದು ಪದ. ಹಾಗಾಗಿ ನಮ್ಮ ವಾಕ್ಯವೂ ಮೂರಕ್ಷರದ ಪದಗಳದ್ದೇ:

ಕಮಲ ಮನೆಗೆ ಬಂದಳು ನಗುತ

‘ನಗುತ’ ಬದಲು ‘ನಗುತಾ’ ಅಂತ ಬರೆದರೆ ಏನಾಯಿತು? ಏನೂ ಇಲ್ಲ. ಜೀನ್‌ನಲ್ಲೂ ಇಂಥ ಬದಲಾವಣೆ ಬೇಕಾದಷ್ಟು ನಡೆಯುತ್ತವೆ. ಮೂರಕ್ಷರದ ಪದ 64 ಇವೆ, ಅವು ಹೇಳಬೇಕಾದ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಪೋಣಿಸುವ ಮಣಿ, ಇಪ್ಪತ್ತೇ. ಒಂದೇ ಅರ್ಥಕ್ಕೆ ಹಲವು ಪದ ಇದ್ದ ಮೇಲೆ ಒಂದಕ್ಷರ ತಪ್ಪಿದರೂ ಎಷ್ಟೋ ಸಲ ಅರ್ಥ ನಿಲ್ಲುತ್ತದೆ.

ಈಗ ‘ಮನೆಗೆ’ಯಲ್ಲಿ ಮೊದಲ ಅಕ್ಷರ ಬದಲಿಸಿ ‘ಕೊ’ ಮಾಡಿ. ಕಮಲ ಕೊನೆಗೆ ಬಂದಳು ನಗುತ. ವಾಕ್ಯ ಸರಿಯಾಗಿಯೇ ಇದೆ, ಆದರೆ ಹೇಳುತ್ತಿರುವುದು ಬೇರೆ. ಸಿಕಲ್ ಸೆಲ್ ರಕ್ತಹೀನತೆ ಆಗುವುದು ಹೀಗೇ. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಹಿಮೋಗ್ಲೋಬಿನ್. ಅದರ ಬೀಟಾ ಸರಪಳಿಯ ಜೀನ್‌ನಲ್ಲಿ ಆರನೇ ಪದ ಜಿಎಜಿ ಇರಬೇಕು, ಜಿಟಿಜಿ ಆಗಿರುತ್ತದೆ. ಒಂದೇ ಒಂದು ಅಕ್ಷರ. 146 ಅಮೈನೋ ಆಮ್ಲಗಳಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಒಂದು ಜಾಗಕ್ಕೆ ವ್ಯಾಲಿನ್ ಬಂದು ಕೂರುತ್ತದೆ. ಅಷ್ಟಕ್ಕೇ ಆಮ್ಲಜನಕ ಕಡಿಮೆಯಾದಾಗ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಕಡ್ಡಿಗಟ್ಟುತ್ತದೆ, ದುಂಡಗಿನ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಎದೆ, ಬೆನ್ನಲ್ಲಿ ತಡೆಯಲಾರದ ನೋವು.

ನಮ್ಮ ಪಕ್ಕದ ಎಚ್.ಡಿ. ಕೋಟೆ, ಚಾಮರಾಜನಗರದ ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಈ ಕಾಯಿಲೆ ಇದೆ. ಆ ಜನರಲ್ಲಿ ಯಾಕೆ ಜಾಸ್ತಿ ಅಂತ ಕೇಳುತ್ತೀರಿ. ಇದರ ಹಿಂದಿರುವುದು ಮಲೇರಿಯಾ. ಒಂದು ಸರಿ ಜೀನ್, ಒಂದು ಬದಲಾದ ಜೀನ್ ಇರುವವರಿಗೆ ಈ ಕಾಯಿಲೆ ಬರುವುದಿಲ್ಲ, ಬದಲಿಗೆ ಪ್ರಾಣ ತೆಗೆಯುವಂಥ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಇದ್ದ ಜಾಗಗಳಲ್ಲಿ ತಲೆಮಾರುಗಟ್ಟಲೆ ಅಂಥವರು ಉಳಿದರು, ಅವರ ಜೊತೆ ಆ ಜೀನೂ ಉಳಿಯಿತು. ಎರಡೂ ಕಡೆಯಿಂದ ಬದಲಾದ ಜೀನೇ ಸಿಕ್ಕಿದ ಮಗುವಿಗೆ ಮಾತ್ರ ಕಾಯಿಲೆ. ಅವರ ಅಜ್ಜ ಅಜ್ಜಿಯರ ಜೀವ ಉಳಿಸಿದ ಅಕ್ಷರ ಅದು. 2023ರಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು, ಅದರಲ್ಲಿ ಕರ್ನಾಟಕವೂ ಇದೆ. ತಪಾಸಣೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ನನ್ನದೊಂದು ಕೋರಿಕೆ, ಮಲೇರಿಯಾದ ಈ ಕಥೆಯನ್ನೂ ಹಾಡಿಯಲ್ಲಿ ಹೇಳಿ. ‘ನಿಮ್ಮ ರಕ್ತದಲ್ಲಿ ದೋಷ’ ಅನ್ನುವ ಮಾತು ಬೇಡ.

ಮತ್ತೆ ಕಮಲನ ಹತ್ತಿರ ಬರೋಣ. ‘ಕಮಲ ಮನೆಗೆ’ ಅಂತ ಬರೆದು ಚುಕ್ಕಿ ಇಟ್ಟುಬಿಟ್ಟರೆ? ವಾಕ್ಯ ಅರ್ಧಕ್ಕೇ ನಿಂತಿತು. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಲ್ಲಿ ಕೆಲವರಿಗೆ ಆಗಿರುವುದು ಇದು. ಒಳಗಿವಿಯ ಕೆಲಸಕ್ಕೆ ಬೇಕಾದ ಜಿಜೆಬಿ2 ಅನ್ನುವ ಜೀನ್ 226 ಪದದ ಪ್ರೋಟೀನ್ ಬರೆಯಬೇಕು. ನಮ್ಮ ದೇಶದಲ್ಲಿ ಆ ಜೀನ್‌ನ ತುಂಬ ಸಾಮಾನ್ಯವಾದ ಬದಲಾವಣೆಯಲ್ಲಿ 24ನೇ ಪದದಲ್ಲೇ ಚುಕ್ಕಿ ಬಿದ್ದಿರುತ್ತದೆ. ತಂದೆ ತಾಯಿ ಇಬ್ಬರಿಗೂ ಚೆನ್ನಾಗಿ ಕೇಳಿಸುತ್ತದೆ, ಇಬ್ಬರಲ್ಲೂ ಒಂದೊಂದು ಬದಲಾದ ಜೀನ್ ಸುಮ್ನೆ ಕೂತಿರುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ನಿಮ್ಮಲ್ಲಿ ಹಲವರು ಮಕ್ಕಳನ್ನು ಕರೆದುಕೊಂಡು ಹೋಗಿರುತ್ತೀರಿ. ಹುಟ್ಟಿದ ಮಗುವಿಗೆ ಕೇಳುತ್ತದೋ ಇಲ್ಲವೋ ಅಂತ ಮೊದಲ ತಿಂಗಳಲ್ಲೇ ನೋಡಿಸಿ. ಕಾರಣ ಜೀನೇ ಆಗಿರಲಿ, ಬೇರೆಯದೇ ಆಗಿರಲಿ, ಬೇಗ ಯಂತ್ರ ಹಾಕಿ ತರಬೇತಿ ಕೊಟ್ಟರೆ ಮಾತು ಬರುತ್ತದೆ. ಜೀನ್‌ನಲ್ಲಿದೆ ಅಂದ ತಕ್ಷಣ ಏನೂ ಮಾಡಲಾಗದು ಅಂತ ಅಲ್ಲ.

ಈಗ ಮುಖ್ಯವಾದದ್ದು. ‘ಕಮಲ’ದಿಂದ ನಡುವಿನ ‘ಮ’ ತೆಗೆದುಬಿಡಿ, ಆದರೆ ಓದುವುದು ಮೂರು ಮೂರೇ ಅಕ್ಷರ:

ಕಲಮ ನೆಗೆಬಂ ದಳುನ ಗುತ

ನೋಡಿದಿರಾ? ಹೋದದ್ದು ಒಂದೇ ಅಕ್ಷರ. ಅಲ್ಲಿಂದ ಕೊನೆಯವರೆಗೂ ಒಂದು ಪದಕ್ಕೂ ಅರ್ಥ ಉಳಿಯಲಿಲ್ಲ. ಈಗ ‘ಮನೆಗೆ’ ಅನ್ನುವ ಪೂರ್ತಿ ಪದವನ್ನೇ ತೆಗೆಯಿರಿ, ಮೂರಕ್ಷರ. ಕಮಲ ಬಂದಳು ನಗುತ. ಜಾಸ್ತಿ ಅಕ್ಷರ ಕಳೆದುಕೊಂಡರೂ ವಾಕ್ಯ ನಿಂತಿತು. ಎಲ್ಲಿಗೆ ಬಂದಳು ಅನ್ನುವುದು ಹೋಯಿತು, ಬಂದದ್ದಂತೂ ತಿಳಿಯಿತು.

ನಮ್ಮ ಬೀದಿಯ ಹುಡುಗನ ವಿಷಯ ಪೂರ್ತಿ ಇದರಲ್ಲೇ ಇದೆ. ಸ್ನಾಯುವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್ ಡಿಸ್ಟ್ರೊಫಿನ್. ಅದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಮನುಷ್ಯನ ಅತಿ ಉದ್ದದ ಜೀನ್‌ಗಳಲ್ಲಿ ಒಂದು ಅದು, ಸುಮಾರು 22 ಲಕ್ಷ ಅಕ್ಷರ. ಅದರಲ್ಲಿ ಪ್ರೋಟೀನಿನ ಮಾತು ಬರೆದಿರುವುದು 79 ತುಂಡುಗಳಲ್ಲಿ, ಅವಕ್ಕೆ ಎಕ್ಸಾನ್ ಅನ್ನುತ್ತಾರೆ. ಕೆಲವರಲ್ಲಿ ಕೆಲವು ಎಕ್ಸಾನ್ ಕಳೆದುಹೋಗಿರುತ್ತವೆ. ಕಳೆದ ಅಕ್ಷರಗಳ ಲೆಕ್ಕ ಮೂರರಿಂದ ಸರಿಯಾಗಿ ಭಾಗವಾಗದಿದ್ದರೆ ಮುಂದಿನದೆಲ್ಲ ‘ನೆಗೆಬಂ ದಳುನ’. ಪ್ರೋಟೀನ್ ತಯಾರಾಗುವುದೇ ಇಲ್ಲ, ಸಾಮಾನ್ಯವಾಗಿ ಹನ್ನೆರಡು ವರ್ಷದೊಳಗೆ ಗಾಲಿಕುರ್ಚಿ. ಅದು ಡುಶೆನ್. ಮೂರರಿಂದ ಭಾಗವಾದರೆ ಪ್ರೋಟೀನ್ ಗಿಡ್ಡವಾಗುತ್ತದೆ, ಆದರೂ ಒಂದಿಷ್ಟು ಕೆಲಸ ಮಾಡುತ್ತದೆ. ಅದು ಬೆಕರ್, ಅಂಥವರಲ್ಲಿ ಹಲವರು ನಡುವಯಸ್ಸಿನವರೆಗೂ ನಡೆದಾಡಿಕೊಂಡಿರುತ್ತಾರೆ. ಒಂದು ಎಕ್ಸಾನ್ ಕಳೆದುಕೊಂಡವನು ಕುರ್ಚಿಯಲ್ಲಿ, ಹತ್ತು ಕಳೆದುಕೊಂಡವನು ಓಡಾಡಿಕೊಂಡು ಇರುವುದೂ ಉಂಟು. ಎಷ್ಟು ಹೋಯಿತು ಅನ್ನುವುದಕ್ಕಿಂತ ಓದುವ ಲೆಕ್ಕ ಉಳಿಯಿತೋ ಇಲ್ಲವೋ ಅನ್ನುವುದು ದೊಡ್ಡದು. ನನಗೆ ಈ ವಿಷಯ ಪ್ರತಿ ಸಲ ಹೇಳುವಾಗಲೂ ಮೈ ಜುಮ್ ಅನ್ನುತ್ತದೆ.

ಹುಡುಗರಿಗೇ ಯಾಕೆ? ಹೆಣ್ಣುಮಕ್ಕಳಿಗೆ ಎಕ್ಸ್ ಎರಡಿರುತ್ತದೆ, ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಗಂಡುಮಕ್ಕಳಿಗೆ ಇರುವುದೊಂದೇ, ಅದು ತಾಯಿಯಿಂದ ಬಂದದ್ದು. ‘ತವರಿನ ರಕ್ತ’ ಅನ್ನುವವರು ಇದನ್ನೇ ಹಿಡಿದುಕೊಳ್ಳುತ್ತಾರೆ. ಆದರೆ ಡುಶೆನ್ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರ ತಾಯಿಯಲ್ಲಿ ಆ ಬದಲಾವಣೆ ಇರುವುದೇ ಇಲ್ಲ, ಅದು ಹೊಸದಾಗಿ ಆದದ್ದು. ಉಳಿದ ತಾಯಂದಿರೂ ಅದನ್ನು ತಾವಾಗಿ ತಂದುಕೊಂಡವರಲ್ಲ. ಕಣ್ಣಿನ ಬಣ್ಣ ಬಂದ ಹಾಗೆ ಬಂದಿದೆ, ಅಷ್ಟೇ.

ಇಲ್ಲಿವರೆಗೆ ಹೇಳಿದ್ದು ಅಕ್ಷರದ ಮಟ್ಟದ್ದು. ಕೆಲವು ಸಲ ಕ್ರೋಮೋಸೋಮೇ ಪೂರ್ತಿ ಜಾಸ್ತಿ ಬರುತ್ತದೆ, ಇಲ್ಲವೇ ತುಂಡಾಗುತ್ತದೆ. ನಮಗಿರುವುದು 46 ಅಂತ ಖಚಿತವಾದದ್ದೇ 1956ರಲ್ಲಿ, ಅಲ್ಲಿಯವರೆಗೆ 48 ಅಂತಲೇ ಪುಸ್ತಕಗಳಲ್ಲಿ ಇತ್ತು. ಮೂರೇ ವರ್ಷಕ್ಕೆ, 1959ರಲ್ಲಿ, ಬೆಳವಣಿಗೆ, ಕಲಿಕೆ ನಿಧಾನವಾಗುವ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇದೆ ಅಂತ ಫ್ರಾನ್ಸಿನಲ್ಲಿ ಪತ್ತೆಯಾಯಿತು. ಹೆಣ್ಣಿನ ಅಂಡಾಣುಗಳೆಲ್ಲ ಅವಳು ಇನ್ನೂ ತನ್ನ ತಾಯಿಯ ಹೊಟ್ಟೆಯಲ್ಲಿರುವಾಗಲೇ ಹುಟ್ಟಿ, ವಿಭಜನೆಯ ನಡುವೆಯೇ ನಿಂತು ಕಾಯುತ್ತಿರುತ್ತವೆ. ಅಂದರೆ ನೀವು ಹುಟ್ಟಿದ ಅಂಡಾಣು ಒಂದು ಕಾಲಕ್ಕೆ ನಿಮ್ಮ ಅಜ್ಜಿಯ ಹೊಟ್ಟೆಯೊಳಗಿತ್ತು! ಮೂವತ್ತು, ನಲವತ್ತು ವರ್ಷ ಕಾದ ಮೇಲೆ ಕ್ರೋಮೋಸೋಮಿನ ಜೋಡಿ ಬೇರ್ಪಡುವಾಗ ಕೆಲವೊಮ್ಮೆ ಎರಡೂ ಒಂದೇ ಕಡೆ ಹೋಗಿಬಿಡುತ್ತವೆ. 25ರ ವಯಸ್ಸಿನ ತಾಯಿಗೆ ಡೌನ್ ಸಿಂಡ್ರೋಮ್ ಮಗು ಆಗುವ ಸಾಧ್ಯತೆ ಸುಮಾರು 1,200ಕ್ಕೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು.

ಇದಕ್ಕೇ ಹೊಂದಿಕೊಂಡ ಇನ್ನೊಂದು ಮಾತು, ಇದನ್ನು ದಯವಿಟ್ಟು ಮನೆಗೆ ಹೋಗಿ ಹೇಳಿ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮ್ ಲೆಕ್ಕ ತಪ್ಪಿರುವುದು. ಆ ಭ್ರೂಣ ಬೆಳೆಯುವಂತೆಯೇ ಇರಲಿಲ್ಲ. ನಮ್ಮಲ್ಲಿ ಏನಂತಾರೆ? ಪಪ್ಪಾಯಿ ತಿಂದಳು, ನೀರಿನ ಬಿಂದಿಗೆ ಎತ್ತಿದಳು, ಬಸ್ಸಲ್ಲಿ ಓಡಾಡಿದಳು. ಮಗು ಕಳೆದುಕೊಂಡ ಸಂಕಟದ ಮೇಲೆ ಇದೂ ಒಂದು. ಎಷ್ಟು ಜನ ಹೆಣ್ಣುಮಕ್ಕಳು ಈ ಮಾತನ್ನು ವರ್ಷಗಟ್ಟಲೆ ಹೊತ್ತುಕೊಂಡಿದ್ದಾರೆ ಅಂತ ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ಕ್ರೋಮೋಸೋಮ್ ತುಂಡಾಗಿ ಇನ್ನೊಂದಕ್ಕೆ ಅಂಟಿಕೊಳ್ಳುವುದೂ ಇದೆ. ರೇಷ್ಮೆ ಹುಳು ಸಾಕಿದವರು ಇಲ್ಲಿ ಯಾರಿದ್ದೀರಿ? ಮಳವಳ್ಳಿ ಕಡೆಯವರು ಕೈ ಎತ್ತಿದಿರಿ. ಮಿಶ್ರತಳಿ ಮೊಟ್ಟೆ ಮಾಡಬೇಕಾದರೆ ಮೈಸೂರು ತಳಿಯ ಹೆಣ್ಣನ್ನು ಬೇರೆ ತಳಿಯ ಗಂಡಿನ ಜೊತೆಗೇ ಬಿಡಬೇಕು, ಅದಕ್ಕೆ ಗೂಡು ಕತ್ತರಿಸಿ ಒಳಗಿನ ಪ್ಯೂಪಾ ಒಂದೊಂದನ್ನೂ ನೋಡಿ ಗಂಡು ಹೆಣ್ಣು ಬೇರೆ ಮಾಡಬೇಕು. ಕಣ್ಣು ಬತ್ತುವ ಕೆಲಸ. ಜಪಾನಿನ ವಿಜ್ಞಾನಿ ತಜಿಮಾ ಎಕ್ಸ್‌ರೇ ಹಾಯಿಸಿ, ಮೈಮೇಲಿನ ಗುರುತಿನ ಜೀನ್ ಇರುವ 2ನೇ ಕ್ರೋಮೋಸೋಮಿನ ತುಂಡನ್ನು, ಹೆಣ್ಣುಹುಳುವಿನಲ್ಲಿ ಮಾತ್ರ ಇರುವ ಡಬ್ಲ್ಯು ಕ್ರೋಮೋಸೋಮಿಗೆ ಅಂಟಿಸಿದರು. ಅಲ್ಲಿಗೆ ಗುರುತಿದ್ದ ಹುಳು ಹೆಣ್ಣು, ಬರೀ ಬಿಳಿ ಹುಳು ಗಂಡು. ಹುಳು ಸೊಪ್ಪು ತಿನ್ನುತ್ತಿರುವಾಗಲೇ ಬೇರೆ ಮಾಡಬಹುದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲೂ ಇಂಥ ತಳಿಗಳನ್ನು ಬೆಳೆಸಿದ್ದಾರೆ.

ಮನುಷ್ಯರಲ್ಲೂ ಇಂಥ ಅಂಟು ಇದೆ. 21ನೇ ಕ್ರೋಮೋಸೋಮ್ 14ಕ್ಕೆ ಅಂಟಿಕೊಂಡು ಲೆಕ್ಕಕ್ಕೆ 45 ಮಾತ್ರ ಇರುವ ಜನ ಪೂರ್ತಿ ಆರೋಗ್ಯವಾಗಿ ಓಡಾಡಿಕೊಂಡಿದ್ದಾರೆ, ಮಕ್ಕಳಾಗುವಾಗ ಮಾತ್ರ ತೊಂದರೆ ಕಾಣುತ್ತದೆ. ಡೌನ್ ಸಿಂಡ್ರೋಮ್‌ನಲ್ಲಿ 100ಕ್ಕೆ ಮೂರ್ನಾಲ್ಕು ಹೀಗೆ ಅಂಟಿನಿಂದ ಆದವು, ಅದಕ್ಕೇ ಮಗುವಿನ ಕ್ರೋಮೋಸೋಮ್ ಪರೀಕ್ಷೆ ಮಾಡಿಸಿಯೇ ಎರಡನೇ ಮಗುವಿನ ಯೋಚನೆ ಮಾಡಿ ಅನ್ನುವುದು. ಒಂದು ಚಿಕ್ಕ ವಿಷಯ, ಬಂಡೀಪುರದಲ್ಲಿ ಕಾಡುಕುರಿ ನೋಡಿರುತ್ತೀರಿ, ನಾಯಿಯ ಹಾಗೆ ಬೊಗಳುವ ಪುಟ್ಟ ಜಿಂಕೆ. ಅದರ ಹೆಣ್ಣಿಗೆ ಇರುವುದು 6 ಕ್ರೋಮೋಸೋಮ್, ಗಂಡಿಗೆ 7. ಚೀನಾದಲ್ಲಿರುವ ಅದರ ದಾಯಾದಿಗೆ 46! ಅಂಟಿಕೊಂಡು ಅಂಟಿಕೊಂಡು ಇಷ್ಟಕ್ಕೆ ಬಂದು ನಿಂತಿದೆ. ಮಾತು ಇದ್ದರೆ ಸಾಕು, ಎಷ್ಟು ಪುಸ್ತಕವಾಗಿ ಹೊಲಿದಿದೆ ಅನ್ನುವುದು ಕೆಲವು ಸಲ ಅಷ್ಟು ಮುಖ್ಯವಲ್ಲ.

ಯಾವುದರಿಂದ ಮ್ಯುಟೇಷನ್ ಆಗುತ್ತದೆ? ಎಕ್ಸ್‌ರೇಯಿಂದ ಆಗುತ್ತದೆ ಅಂತ 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣದಲ್ಲಿ ತೋರಿಸಿದರು. ಮಾಗಿದ ಬಾಳೆಹಣ್ಣಿನ ಮೇಲೆ ಹಾರಾಡುತ್ತವಲ್ಲ, ಅದೇ ನೊಣ. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅದರ ನಾನಾ ತಳಿಗಳನ್ನು ಕಾಪಾಡುವ ಕೇಂದ್ರವೇ ಇದೆ, ನಾನು ಮೊದಲ ಸಲ ಬಿಳಿಗಣ್ಣಿನ ನೊಣ ನೋಡಿದ್ದು ಅಲ್ಲೇ. ತಂಬಾಕು, ಬಿಸಿಲಿನ ನೇರಳಾತೀತ ಕಿರಣ ಇವೂ ಕಾರಣ. ಆದರೆ ಶ್ವಾಸಕೋಶದಲ್ಲೋ ಚರ್ಮದಲ್ಲೋ ಆದ ಬದಲಾವಣೆ ಅವರಲ್ಲೇ ಉಳಿಯುತ್ತದೆ, ಮಕ್ಕಳಿಗೆ ಹೋಗುವುದಿಲ್ಲ. ಮಕ್ಕಳಿಗೆ ಹೋಗುವುದು ಅಂಡಾಣು, ವೀರ್ಯಾಣುವಿನಲ್ಲಿ ಇದ್ದದ್ದು ಮಾತ್ರ. ಗ್ರಹಣದ ನೆರಳಿನಿಂದ ಒಂದಕ್ಷರವೂ ಬದಲಾಗುವುದಿಲ್ಲ.

ಬದಲಾವಣೆ ಅಂದರೆ ಬರೀ ಕೆಡುಕು ಅಂದುಕೊಳ್ಳಬೇಡಿ. ನಂಜನಗೂಡು ರಸಬಾಳೆಯನ್ನೇ ನೋಡಿ. ಅದರಲ್ಲಿ ಕ್ರೋಮೋಸೋಮ್ ಎರಡು ಸೆಟ್ ಅಲ್ಲ, ಮೂರು ಸೆಟ್. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದು, ಹಾಗಾಗಿ ಬೀಜ ಕಟ್ಟುವುದಿಲ್ಲ, ನಮಗೆ ತಿನ್ನಲು ಸಲೀಸು. ಆದರೆ ಬುಡದಲ್ಲಿ ಹುಟ್ಟುವ ಕಂದು ನೆಟ್ಟೇ ಬೆಳೆಸಬೇಕಾದ್ದರಿಂದ ತೋಟದ ಗಿಡವೆಲ್ಲ ಹೆಚ್ಚುಕಡಿಮೆ ಒಂದೇ ಬರಹದ ನಕಲು. ಪನಾಮ ಸೊರಗು ರೋಗ ಬಂದಾಗ ತಡೆದು ನಿಲ್ಲುವ ಬೇರೆ ಬಗೆಯ ಗಿಡ ತೋಟದಲ್ಲಿ ಇರಲಿಲ್ಲ. ರಸಬಾಳೆ ಕಾಣೆಯಾಗುವ ಮಟ್ಟಕ್ಕೆ ಬಂತು.

ಅಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಸಂಬಂಧದೊಳಗಿನ ಮದುವೆ ಬಗ್ಗೆ ಕೇಳಿದರು. ಅಕ್ಕನ ಮಗಳು, ಅತ್ತೆ ಮಗ ಅಂತ ನಮ್ಮ ಕಡೆ ಮಾಡಿಕೊಳ್ಳುತ್ತೇವೆ. ನನ್ನ ಅಜ್ಜಿ ಅಜ್ಜನದೂ ಅದೇ. ನಮ್ಮೆಲ್ಲರಲ್ಲೂ ಕೆಲವು ಬದಲಾದ ಜೀನ್ ಸುಮ್ನೆ ಕೂತಿರುತ್ತವೆ ಅಂದೆನಲ್ಲ. ಸೋದರಮಾವ ಸೋದರಸೊಸೆಯಲ್ಲಿ ನಾಲ್ಕರಲ್ಲಿ ಒಂದು ಪಾಲು ಜೀನ್ ಒಂದೇ, ಅತ್ತೆಯ ಮಗ ಮಾವನ ಮಗಳಲ್ಲಿ ಎಂಟರಲ್ಲಿ ಒಂದು ಪಾಲು. ಒಂದೇ ಬದಲಾವಣೆ ಇಬ್ಬರಲ್ಲೂ ಇರುವ ಸಾಧ್ಯತೆ ಅಷ್ಟು ಜಾಸ್ತಿ. ಯಾವ ದಂಪತಿಗೇ ಆಗಲಿ, 100ರಲ್ಲಿ ಎರಡು ಮೂರು ಮಕ್ಕಳಿಗೆ ಹುಟ್ಟಿನಿಂದ ಗಂಭೀರ ತೊಂದರೆ ಇರುತ್ತದೆ. ಅತ್ತೆ ಮಾವನ ಮಕ್ಕಳ ಮದುವೆಯಲ್ಲಿ ಅದು ಸುಮಾರು ಇಮ್ಮಡಿ. ಆದರೂ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆಗಿರುವ ಮದುವೆಯನ್ನು ಹೀಗಳೆಯಬೇಡಿ. ಆಗಬೇಕಾಗಿರುವ ಮದುವೆಗೆ ಜಾತಕದ ಜೊತೆ ಸಿಕಲ್ ಸೆಲ್‌ಗೆ, ಹಿಮೋಗ್ಲೋಬಿನ್‌ನದೇ ಇನ್ನೊಂದು ಕಾಯಿಲೆಯಾದ ಥಲಸ್ಸೇಮಿಯಾಗೆ ರಕ್ತಪರೀಕ್ಷೆ ಮಾಡಿಸಿ. ಇಬ್ಬರೂ ವಾಹಕರಾಗಿದ್ದರೆ, ಅಂದರೆ ಇಬ್ಬರಲ್ಲೂ ಒಂದೊಂದು ಬದಲಾದ ಜೀನ್ ಇದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ‘ಮೊದಲನೆಯದಕ್ಕೆ ಬಂದಿದೆ, ಇನ್ನು ಮೂರಕ್ಕೆ ಬರಲ್ಲ’ ಅಂತ ಲೆಕ್ಕ ಹಾಕಿದವರನ್ನು ನಾನು ನೋಡಿದ್ದೇನೆ. ಹಾಗಲ್ಲ. ಪ್ರತಿ ಸಲ ನಾಣ್ಯ ಹೊಸದಾಗಿ ಚಿಮ್ಮುತ್ತೀರಿ.

ಕೊನೆಗೆ ಆ ತಾಯಿ. ಅವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಅವರಲ್ಲಿ ಆ ಬದಲಾವಣೆ ಸಿಗಲಿಲ್ಲ. ಅವರ ತಂಗಿಗೆ ಆಗ ಮದುವೆ ಮಾತುಕತೆ ನಡೆಯುತ್ತಿತ್ತು, ಈ ಕಾಯಿಲೆ ಕಾರಣಕ್ಕೇ ನಿಂತುಹೋಗಿತ್ತು. ವರದಿಯನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟೆ, ಅದನ್ನು ಹಿಡಿದುಕೊಂಡು ಹೋಗಿ ಅತ್ತೆ ಮಾವನ ಮುಂದೆ ತಾವೇ ಓದಿದರಂತೆ. ಮೂಲ ವರದಿಯನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾರೆ. ಅದನ್ನು ಇಟ್ಟುಕೊಳ್ಳಲು ಹೇಳಿದ್ದು ನಾನೇ, ನಿಮಗೂ ಹೇಳುತ್ತೇನೆ. ಯಾವ ಎಕ್ಸಾನ್ ಹೋಗಿದೆ ಅನ್ನುವ ನಂಬರ್ ಅದರಲ್ಲಿರುತ್ತದೆ. ಇನ್ನೊಂದು ಎಕ್ಸಾನನ್ನೂ ಓದದೆ ದಾಟಿಸಿ ಮೂರರ ಲೆಕ್ಕ ಸರಿಮಾಡುವ ಔಷಧಿ 2016ರಿಂದ ಅಮೆರಿಕದಲ್ಲಿ ಬಳಕೆಗೆ ಬಂದಿದೆ, ಸಿಕಲ್ ಸೆಲ್ ಮತ್ತು ಥಲಸ್ಸೇಮಿಯಾಗೆ ಜೀನ್ ತಿದ್ದುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಮೊದಲು ಒಪ್ಪಿಗೆ ಕೊಟ್ಟಿತು. ಇವತ್ತು ಅವುಗಳ ಬೆಲೆ ನಮ್ಮಂಥವರ ಕೈಗೆ ಎಟುಕುವುದಿಲ್ಲ, ಎಲ್ಲರಿಗೂ ಹೊಂದುವುದೂ ಇಲ್ಲ, ಎಕ್ಸಾನ್ ದಾಟಿಸುವ ಔಷಧಿಯಿಂದ ಕಾಯಿಲೆ ಪೂರ್ತಿ ಹೋಗುವುದೂ ಇಲ್ಲ. ಆದರೆ ನಾಳೆ ಯಾವುದಾದರೂ ಚಿಕಿತ್ಸೆ ಹತ್ತಿರ ಬಂದರೆ ಡಾಕ್ಟರು ಮೊದಲು ಕೇಳುವುದೇ ಆ ನಂಬರ್. ಇಲ್ಲಿ ಯಾರ ಹತ್ತಿರ ಅಂಥ ವರದಿ ಇದೆಯೋ, ಅರ್ಥವಾಗಿಲ್ಲ ಅಂತ ಮೂಲೆಗೆ ಹಾಕಿದ್ದೀರೋ, ಊಟ ಆದ ಮೇಲೆ ತನ್ನಿ, ಜೊತೆಯಲ್ಲಿ ಕೂತು ಓದೋಣ.